ಮನೆಯಲ್ಲಿ ಓದತಕ್ಕ ಕ್ರೈಸ್ತ ಗ್ರಂಥಗಳು

ಕನ್ನಡದಲ್ಲಿ ಕ್ರೈಸ್ತ ಗ್ರಂಥಗಳು ಈಚೆಗೆ ಬಹಳವಾಗಿ ಪ್ರಕಟವಾಗುತ್ತಲಿವೆ. ಬೈಬಲ್ ಅಭ್ಯಾಸದ ಪುಸ್ತಕಗಳು, ಶಿಷ್ಯತ್ವದ ಪಾಠಗಳು, ಕುಟುಂಬ ಪ್ರಾರ್ಥನೆಗೆಂದು ದಿನಕ್ಕೊಂದು ಪುಟದಂತೆ ಬರೆದ ಧ್ಯಾನಮಾಲೆಗಳು, ಹೀಗೆ ನಾನಾ ತರದವು. ನಾನು ಆ ಮತದವನಲ್ಲ. ನನ್ನ ಓದು ಸಂಸ್ಕೃತದ ವ್ಯಾಕರಣ ಕಾವ್ಯಗಳಲ್ಲಿ ಆದದ್ದು. ಹೊಟ್ಟೆ ಹೊರೆದದ್ದು ಕನ್ನಡ ಶಾಲೆಯ ಮಾಸ್ತರಿಕೆಯಿಂದ. ಆದರೂ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವದಕ್ಕೆ ಕಾರಣವುಂಟು. ಒಂದು ಮತದವರು ತಮ್ಮ ಮನೆಯಲ್ಲಿ ಕುಳಿತು ಎಂಥ ಕನ್ನಡವನ್ನು ಓದುತ್ತಾರೆಂಬುದು ಅವರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಕನ್ನಡವು ಎಲ್ಲರ ಮನೆಯದು.

ನಮ್ಮ ನಿಡಗುಂದಿಯಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಅಂಥ ಮನೆಯೊಂದರ ಯಜಮಾನನು ನನ್ನ ಹಳೆಯ ವಿದ್ಯಾರ್ಥಿ. ಅವನ ಹಿರಿಯರು ಗುಳೇದಗುಡ್ಡದ ನೇಕಾರರು. ಬಾಸೆಲ್ ಮಿಶನ್ನಿನವರು 1851ರಲ್ಲಿ ಅಲ್ಲಿ ಠಾಣ್ಯವನ್ನು ಹೂಡಿದ ಮೇಲೆ ಯಾವಾಗಲೋ ಕ್ರೈಸ್ತರಾದವರು. ಎರಡು ವರುಷಗಳ ಹಿಂದೆ ಕ್ರಿಸ್‌ಮಸ್ ಹಬ್ಬ ಕಳೆದ ಮೇಲೆ ಅವನು ಒಂದು ಕೈಚೀಲದ ತುಂಬ ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟನು. ಎಲ್ಲವೂ ಹೊಸವು, ಬಣ್ಣದ ಹೊದಿಕೆಯವು. “ಸರ್, ಇವನ್ನೊಮ್ಮೆ ನೋಡ್ರಿ. ನಮ್ಮ ಅವ್ವಗ ತಿಳಿಯವಲ್ಲವು, ಮಗಳಿಗೂ ತಿಳಿಯವಲ್ಲವು. ತಪ್ಪು ನಮ್ಮದೋ ಪುಸ್ತಕದ್ದೋ ಅದನ್ನಷ್ಟ ಹೇಳ್ರಿ” ಎಂದನು.

ಅವನ ಮನೆಯ ಸ್ಥಿತಿಯನ್ನು ಇಲ್ಲಿ ಹೇಳಬೇಕು. ತಾಯಿಗೆ ಎಂಬತ್ತು ಸಮೀಪಿಸಿದೆ. ಆಕೆಯು ಐವತ್ತು ವರುಷ ಸಂಜೆಯ ಪ್ರಾರ್ಥನೆಯಲ್ಲಿ ತಾನೇ ಸತ್ಯವೇದವನ್ನು ಓದಿದವಳು. ಈಗ ಕಣ್ಣಿಗೆ ಅಕ್ಷರ ಹತ್ತುವದಿಲ್ಲ. ಮಗನಿಗೆ ಕಚೇರಿಯಿಂದ ಬರುವದಕ್ಕೆ ತಡವಾಗುತ್ತದೆ. ಸೊಸೆ ಒಲೆಯ ಮುಂದೆ. ಆದಕಾರಣ ಓದುವ ಕೆಲಸವು ಹನ್ನೆರಡು ವರುಷದ ಮೊಮ್ಮಗಳ ಪಾಲಿಗೆ ಬಂತು. ಆ ಹುಡುಗಿಯೋ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವವಳು; ಕನ್ನಡವನ್ನು ಒತ್ತಕ್ಷರಗಳ ಮೇಲೆ ಎಡವಿ ಎಡವಿ ಓದುತ್ತಾಳೆ. ಹಳೆಯ ಸತ್ಯವೇದವು ಕಠಿಣವೆಂದು ತಂದೆಯು ಈ ಹೊಸ ಪುಸ್ತಕಗಳನ್ನು ಕೊಂಡು ತಂದನು. ಇವೂ ಸಾಗದಿದ್ದರೆ ಇಂಗ್ಲಿಷ್ ಪುಸ್ತಕಗಳನ್ನೇ ತರಿಸಬೇಕೆಂದು ಅವನು ನಿಶ್ಚಯಿಸಿದ್ದನು. ಹಾಗಾದರೆ ಮೊಮ್ಮಗಳಿಗೆ ಸುಲಭವಾಗುವದು ನಿಜ. ಆದರೆ ಅಜ್ಜಿಯು ತನ್ನ ಮನೆಯ ಪ್ರಾರ್ಥನೆಯಲ್ಲಿಯೇ ಪರಕೀಯಳಾಗಿ ಕೂಡ್ರಬೇಕಾಗುವದು. ಆತನು ನನ್ನಲ್ಲಿಗೆ ಬಂದದ್ದು ಈ ಸಂಕಟಕ್ಕಾಗಿ.

ನಾನು ಆ ಪುಸ್ತಕಗಳನ್ನು ಒಂದು ತಿಂಗಳು ಇಟ್ಟುಕೊಂಡು ಓದಿದೆನು. ಅವುಗಳಲ್ಲಿ ಒಂದೆರಡು ಬಹಳ ಚೆನ್ನಾಗಿದ್ದವೆಂದು ಮೊದಲೇ ಹೇಳುತ್ತೇನೆ. ಅವು ಕನ್ನಡದವರೇ ಕನ್ನಡದಲ್ಲಿ ಯೋಚಿಸಿ ಬರೆದವು. ಉಳಿದವು ಇಂಗ್ಲಿಷಿನಿಂದ ಇಳಿಸಿದವು. ಇಳಿಸುವಾಗ ಶಬ್ದಗಳು ಕನ್ನಡಕ್ಕೆ ಬಂದಿವೆ, ವಾಕ್ಯವು ಅಲ್ಲಿಯೇ ಉಳಿದಿದೆ. ಒಂದು ದೃಷ್ಟಾಂತ ಸಾಕು. ಪ್ರತಿದಿನ ದೇವರೊಂದಿಗೆ “ಸಮಯ ಕಳೆಯಬೇಕು” ಎಂದು ಹಲವು ಕಡೆ ಬರೆದಿದೆ. ನಮ್ಮ ಸೀಮೆಯಲ್ಲಿ ಸಮಯ ಕಳೆಯುವದೆಂದರೆ ಮಾಡುವದಕ್ಕೆ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತಿರುವದು. ಇದನ್ನು ಕೇಳಿ ಆ ಅಜ್ಜಿಯು, “ದೇವರ ಮುಂದ ಯಾಕವಾ ಹೊತ್ತ ಕಳೀಬೇಕು? ಅಂವಗ ಕೆಲಸಿಲ್ಲೇನು?” ಎಂದು ಮೊಮ್ಮಗಳನ್ನು ಕೇಳಿದಳಂತೆ. ಹಾಗೆಯೇ ಚಳಿಗಾಲದ ಹಿಮವು ಕರಗಿ ಹೂವು ಬಿಡುವದರ ಉಪಮೆ ಇನ್ನೊಂದು ಪುಸ್ತಕದಲ್ಲಿ. ಏಪ್ರಿಲದ ಬಿಸಿಲಲ್ಲಿ ಎರೆಯ ಹೊಲವು ಬಿರಿಯುವದನ್ನು ಕಾಣುವ ಮಕ್ಕಳಿಗೆ ಅದರಿಂದ ಯಾವ ಚಿತ್ರ ಮೂಡೀತು?

ಪರದೇಶದಿಂದ ಬಂದ ಮತದ ಗ್ರಂಥಗಳಲ್ಲಿ ಪರದೇಶದ ಛಾಯೆಯಿರುವದು ಸಹಜವೆಂದು ಯಾರಾದರೂ ಅಂದಾರು. ಆದರೆ ಇದರ ಪೂರ್ವಚರಿತ್ರೆಯು ಆ ಮಾತಿಗೆ ವಿರುದ್ಧವಾಗಿದೆ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬುವನು ಬಳ್ಳಾರಿಗೆ ಬಂದದ್ದು 1810ರಲ್ಲಿ; ಸಮಗ್ರ ಬೈಬಲ್ ಕನ್ನಡದಲ್ಲಿ ಹೊರಟದ್ದು 1831ರಲ್ಲಿ. ನಡುವೆ ಇಪ್ಪತ್ತು ವರುಷಗಳಿಗೆ ಮೇಲ್ಪಟ್ಟು ಕಾಲವು ಗತಿಸಿತು. ಬಂಗಾಲದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯೂ ಕನ್ನಡ ಅನುವಾದಕ್ಕೆ ಕೈಹಾಕಿದ್ದನು. 1812ರ ಮಾರ್ಚಿಯಲ್ಲಿ ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅವನ ಕನ್ನಡ ಹಸ್ತಪ್ರತಿಯು ಸುಟ್ಟುಹೋಗಿ ಅವನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣವನ್ನು ಆರಂಭಿಸಿದರು. ಅವರೊಳಗಿನ ವೈಗಲ್ ಎಂಬುವನು ಬಳ್ಳಾರಿಯ ಅನುವಾದವನ್ನು ತಿದ್ದುವದರಲ್ಲಿ ಶ್ರಮಿಸಿದನು. ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಎಲ್ಲರಿಗೂ ಗೊತ್ತು; ಆದರೆ ಅದೇ ಪಾದ್ರಿಯು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದನೆಂಬುದನ್ನು ನೆನೆಯುವವರು ಕಡಿಮೆ. ಕಿಟೆಲನು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ಈ ದೇಶದ ಛಂದಸ್ಸುಗಳಲ್ಲಿ ಬರೆದನು. ಬಳಿಕ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕೋಶವನ್ನು ನಮಗೆ ಕೊಟ್ಟನು.

ಇವರೆಲ್ಲರ ಉದ್ದೇಶವು ಮತಪ್ರಸಾರವೇ. ಅದರಲ್ಲಿ ಮುಚ್ಚಿಡತಕ್ಕದ್ದೇನೂ ಇಲ್ಲ. ಆದರೆ ಕನ್ನಡಿಗನಿಗೆ ಒಂದು ಮಾತು ಹೇಳುವ ಪೂರ್ವದಲ್ಲಿ ಕನ್ನಡಿಗನು ಯಾವ ಪದವನ್ನು ಹಾಡುತ್ತಾನೆ, ಯಾವ ಪುರಾಣವನ್ನು ಕೇಳುತ್ತಾನೆಂಬುದನ್ನು ಅರಿಯಬೇಕೆಂಬ ಹಟ ಅವರಿಗಿತ್ತು. ಅದರ ಗುರುತು ಹಳೆಯ ಸತ್ಯವೇದದ ವಿಷಯಾನುಕ್ರಮಣಿಕೆಯಲ್ಲಿಯೇ ಇದೆ. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಮೊದಲ ಐದು ಗ್ರಂಥಗಳ ಹೆಸರುಗಳು. ರಾಮಾಯಣವನ್ನು ಬಲ್ಲವನಿಗೆ ಕಾಂಡವೆಂಬ ಶಬ್ದವು ಕಿವಿಗೆ ಬಿದ್ದ ಕೂಡಲೆ ಇದು ಒಂದು ಮಹಾಕಥೆಯ ಭಾಗವೆಂದು ತಿಳಿಯುವದು. ನಾಲ್ಕನೆಯದಕ್ಕೆ ಇಂಗ್ಲಿಷಿನಲ್ಲಿ ‘ಸಂಖ್ಯೆಗಳು’ ಎಂಬರ್ಥದ ಹೆಸರಿದೆ. ಇಬ್ರಿಯರ ಮೂಲದಲ್ಲಿ ಅದರ ಹೆಸರಿಗೆ ‘ಅರಣ್ಯದಲ್ಲಿ’ ಎಂದೇ ಅರ್ಥ. ಕನ್ನಡದ ಅರಣ್ಯಕಾಂಡವು ಇಂಗ್ಲಿಷಿಗಿಂತ ಮೂಲಕ್ಕೆ ಸಮೀಪವಾಯಿತು. ದಾವೀದನ ಹೆಸರಿನ ಸ್ತುತಿಗಳಿಗೆ ‘ಕೀರ್ತನೆಗಳು’ ಎಂದರು. ಯೆರೂಸಲೇಮಿನ ನಾಶಕ್ಕಾಗಿ ಅತ್ತ ಗ್ರಂಥಕ್ಕೆ ‘ಪ್ರಲಾಪಗಳು’ ಎಂದರು. ಇದಕ್ಕಿಂತ ಒಳ್ಳೆಯ ಶಬ್ದವನ್ನು ನಾನೂ ಹುಡುಕಿಕೊಡಲಾರೆನು.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಹಳೆಯ ಅನುವಾದದಲ್ಲಿ “ಯಾಕಂದರೆ” ಎಂದು ಆರಂಭವಾಗುವ ವಾಕ್ಯಗಳು ಎಣಿಕೆಗೆ ಮೀರಿದವು. ಗ್ರೀಕಿನಲ್ಲಿ ‘ಗಾರ್’ ಎಂದೊಂದು ಅವ್ಯಯವಿದೆ. ನಮ್ಮ ಸಂಸ್ಕೃತದ ‘ಹಿ’ಯ ಹಾಗೆ ಅದು ವಾಕ್ಯದ ಮೊದಲು ನಿಲ್ಲದೆ ಎರಡನೆಯ ಸ್ಥಾನದಲ್ಲಿ ಮೆಲ್ಲನೆ ಕೂತಿರುತ್ತದೆ. ಅದನ್ನು ಎಳೆದು ವಾಕ್ಯದ ತಲೆಯ ಮೇಲೆ ಕೂಡ್ರಿಸಿದ್ದರಿಂದ ಕನ್ನಡವು ಕುಂಟಿತು. ಇದು ಭಾಷೆಯ ದೋಷ. ಇದಕ್ಕಿಂತ ದೊಡ್ಡದು ಬೇರೆಯಿದೆ: ಆ ಕಾಲದ ಕೆಲವು ಕಿರುಹೊತ್ತಿಗೆಗಳಲ್ಲಿ ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಹಳಿದ ಬಗೆಯು ಓದುವವರ ಮನಸ್ಸನ್ನು ನೋಯಿಸುವಂಥದು. ಅವುಗಳಿಂದ ಯಾರ ಹೃದಯವೂ ತೆರೆದಿರಲಾರದು. ಆದರೆ ಅದೇ ಬಾಸೆಲ್ ಮಿಶನ್ನಿನ ಪರಂಪರೆಯಿಂದಲೇ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರೂ ಬಂದರು. ಅವರು ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ಪಾದ್ರಿಗಳು. ಶರಣರ ವಚನಗಳಲ್ಲಿ ಆಯುಷ್ಯವನ್ನು ಸವೆಸಿದವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರು. ತಮ್ಮ ಮತದ ಮಾತನ್ನು ಹೇಳಲು ಅವರು ಬರೆದ ಗ್ರಂಥಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಹೆಸರಿಟ್ಟರು. ವಿನಂತಿಯೆಂಬ ಆ ಒಂದು ಶಬ್ದದಲ್ಲಿ ಎಷ್ಟು ಮರ್ಯಾದೆಯಿದೆಯೆಂಬುದನ್ನು ಬಸವನ ಬಾಗೇವಾಡಿಯ ನೆರೆಯಲ್ಲಿರುವ ನಾವು ಬಲ್ಲೆವು.

ಇನ್ನು ಹೊಸ ಪುಸ್ತಕಗಳಲ್ಲಿ ಅಡಿಗಡಿಗೆ ಬರುವ ‘ಶಿಷ್ಯತ್ವ’ವೆಂಬ ಶಬ್ದದ ವಿಚಾರ. ಶಿಷ್ಯಶಬ್ದವು ಶಾಸ್ ಧಾತುವಿನಿಂದ ಪಾಣಿನಿಯ ವಿಧಾನದಂತೆ ಸಾಧಿತವಾದದ್ದು. ಉಪದೇಶಿಸಲ್ಪಡುವದಕ್ಕೆ ಯೋಗ್ಯನಾದವನೆಂದು ಅದರ ಅರ್ಥ. ಸುವಾರ್ತೆಗಳ ಗ್ರೀಕಿನಲ್ಲಿ ಈ ಸ್ಥಾನದಲ್ಲಿರುವ ಶಬ್ದಕ್ಕೆ ಕಲಿಯುವವನೆಂದು ಅರ್ಥವಂತೆ. ಎರಡರಲ್ಲಿಯೂ ಗುರುವಿನ ಮುಂದೆ ಕುಳಿತುಕೊಳ್ಳುವದುಂಟು, ಕೇಳುವದುಂಟು. ಮೂವತ್ತು ವರುಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಹೊಸ ಪುಸ್ತಕಗಳಲ್ಲಿ ಎದ್ದು ಕಂಡ ಕೊರತೆಯು ಇಲ್ಲಿಯೇ. ಒಂದು ವಾಕ್ಯವನ್ನು ಕೊಟ್ಟು, ನಡುವೆ ಒಂದು ಶಬ್ದವನ್ನು ತೆಗೆದು, ಬಿಟ್ಟ ಸ್ಥಳವನ್ನು ತುಂಬಿರೆಂದು ಹೇಳುತ್ತಾರೆ. ಮಕ್ಕಳು ಒಂದು ಕಣ್ಣಿನಿಂದ ಮೇಲಿನ ಸಾಲನ್ನು ನೋಡುತ್ತ ತುಂಬಿಬಿಡುತ್ತಾರೆ. ಇದು ಪರೀಕ್ಷೆಯೂ ಅಲ್ಲ, ಪಾಠವೂ ಅಲ್ಲ.

ನಮ್ಮ ಪ್ರಾಚೀನರು ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಹೇಳಿದ್ದಾರೆ. ಪದಗಳನ್ನು ಬಿಡಿಸುವದು, ಅವುಗಳ ಅರ್ಥವನ್ನು ಹೇಳುವದು, ಸಮಾಸವನ್ನು ವಿಗ್ರಹಿಸುವದು, ವಾಕ್ಯವನ್ನು ಹೊಂದಿಸುವದು, ಕೊನೆಗೆ ಆಕ್ಷೇಪಕ್ಕೆ ಸಮಾಧಾನ ಹೇಳುವದು. ಮೊದಲಿನ ನಾಲ್ಕೂ ಕೊನೆಯದರ ಸಲುವಾಗಿ ಇವೆಯೆಂದು ನನ್ನ ಮತ. ಕೇಳುವವನು “ಇದು ಹೇಗೆ ಸರಿ?” ಎಂದು ಒಮ್ಮೆಯಾದರೂ ತಕರಾರು ಮಾಡದಿದ್ದರೆ ಅವನು ಕೇಳಿಲ್ಲವೆಂದೇ ತಿಳಿಯಬೇಕು. ಶ್ರಾವಣಮಾಸದಲ್ಲಿ ನಮ್ಮ ಮಠಗಳಲ್ಲಿ ಪುರಾಣ ನಡೆಯುವಾಗ ಒಬ್ಬರು ಪದ್ಯವನ್ನು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಎಷ್ಟು ದೊಡ್ಡವರಾದರೂ ಗ್ರಂಥವು ವ್ಯಾಸಪೀಠದ ಮೇಲೆ ನಡುವೆ ಇರುತ್ತದೆ, ಅವರು ಬದಿಗೆ ಕೂತಿರುತ್ತಾರೆ. ಅಭ್ಯಾಸದ ಪುಸ್ತಕವೂ ಹಾಗೆ ಬದಿಗೆ ಕೂಡ್ರಬೇಕು. ಈಗಿನ ಹಲವು ಪುಸ್ತಕಗಳು ಎರಡೇ ಸಾಲು ವೇದವಾಕ್ಯವನ್ನು ಮೇಲೆ ಅಚ್ಚು ಹಾಕಿ ಪುಟದ ಉಳಿದ ಭಾಗವನ್ನೆಲ್ಲ ತಾವೇ ಆಕ್ರಮಿಸುತ್ತವೆ.

ಇದನ್ನು ಪ್ರತ್ಯಕ್ಷ ಕಂಡದ್ದು ಆ ಮನೆಯಲ್ಲಿ ಒಂದು ಸಂಜೆ. ದ್ರಾಕ್ಷಿಯ ತೋಟದ ಕೂಲಿಕಾರರ ಸಾಮ್ಯವು ಅಂದಿನ ಪಾಠ. ಮತ್ತಾಯನ ಇಪ್ಪತ್ತನೆಯ ಅಧ್ಯಾಯದ್ದು. ಯಜಮಾನನು ಬೆಳಗಿನಲ್ಲಿ ಕೆಲವರನ್ನು, ಮಧ್ಯಾಹ್ನ ಕೆಲವರನ್ನು, ಕಡೆಗೆ ಹನ್ನೊಂದನೆಯ ತಾಸಿಗೆ ಕೆಲವರನ್ನು ಕೂಲಿಗೆ ಕರೆದು, ಸಂಜೆ ಎಲ್ಲರಿಗೂ ಒಂದೇ ಸಮನಾಗಿ ಇಡೀ ದಿನದ ಕೂಲಿಯನ್ನು ಕೊಡುತ್ತಾನೆ. ಹೊಸ ಪುಸ್ತಕದಲ್ಲಿ “ಹನ್ನೊಂದನೆಯ ಗಂಟೆ” ಎಂದಷ್ಟೇ ಇತ್ತು. ಹುಡುಗಿಯು ಅದನ್ನು ಗಡಿಯಾರದ ಹನ್ನೊಂದೆಂದು ತಿಳಿದು, ಊಟದ ಮುಂಚೆಯೇ ಬಂದರಲ್ಲ, ಹೆಚ್ಚೇನು ತಡವಾಯಿತೆಂದು ಕೇಳಿದಳು. ಸೂರ್ಯೋದಯದಿಂದ ಸೂರ್ಯಾಸ್ತದ ವರೆಗೆ ಹಗಲನ್ನು ಹನ್ನೆರಡು ಪಾಲು ಮಾಡುವ ಲೆಕ್ಕವದು. ಹನ್ನೊಂದನೆಯದೆಂದರೆ ಹೊತ್ತು ಮುಳುಗುವದಕ್ಕೆ ಒಂದೇ ತಾಸು ಉಳಿದಾಗ ಎಂದು ನಾನು ಹೇಳಿದೆನು. ಕತೆಯ ಜೀವವೆಲ್ಲ ಆ ಒಂದು ತಾಸಿನಲ್ಲಿದೆ. ಪುಸ್ತಕವು ಅದನ್ನು ಬಿಟ್ಟು, ಯಜಮಾನನು ಎಷ್ಟು ಸಲ ಪೇಟೆಗೆ ಹೋದನೆಂದು ಕೇಳುತ್ತಿತ್ತು.

ಅರ್ಥವಾದ ಕೂಡಲೆ ಅಜ್ಜಿಯೇ ಮೊದಲು ಆಕ್ಷೇಪವೆತ್ತಿದಳು. “ಬಿಸಲಾಗ ದಿನಾ ಪೂರ್ತಿ ದುಡದಾವ್ರಿಗೂ ಅಷ್ಟ, ಹೊತ್ತ ಮುಣಗೂ ಮುಂದ ಬಂದಾವ್ರಿಗೂ ಅಷ್ಟ ಅಂದ್ರ ಹ್ಯಾಂಗ ಮಾಸ್ತರ್ರ? ನಾ ಆಗಿದ್ರೂ ಜಗಳಾ ತಗೀತಿದ್ದೆ.” ಐವತ್ತು ವರುಷ ಈ ಅಧ್ಯಾಯವನ್ನು ಓದಿದ ಮುದುಕಿಯ ಮಾತಿದು. ಮಗನು ಏನೋ ಹೇಳಹೋದನು. ಪುಸ್ತಕದಲ್ಲಿದ್ದ ಉತ್ತರವಾದ್ದರಿಂದ ಅದು ಯಾರಿಗೂ ಹಿಡಿಸಲಿಲ್ಲ. ಆಗ ಒಳಗಿನಿಂದ ಸೊಸೆಯು ರೊಟ್ಟಿ ಬಡಿಯುವದನ್ನು ನಿಲ್ಲಿಸಿ ಅಂದಳು: “ಕೂಲಿ ಸಿಗದ ಸಂಜೀ ತನಕಾ ನಿಂತಾವನ ಮನ್ಯಾಗೂ ಒಲಿ ಹತ್ತಬೇಕಲ್ಲರೀ ಅತ್ತಿ.” ಆಕೆಯ ತವರುಮನೆಯು ತಿಕೋಟದ ಕಡೆಗೆ, ತಂದೆತಾಯಿಗಳು ದ್ರಾಕ್ಷಿಯ ತೋಟಗಳಲ್ಲಿ ಕೂಲಿ ಮಾಡಿದವರು. ಬೆಳಿಗ್ಗೆ ನಾಕೆಯಲ್ಲಿ ನಿಂತು ಯಾರೂ ಕರೆಯದೆ ಮನೆಗೆ ಹೊರಳಿದ ತಂದೆಯನ್ನು ಕಂಡವಳು. ಅಜ್ಜಿಯು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳಿಗೆ, “ಇನ್ನೊಮ್ಮೆ ಓದು” ಎಂದಳು. ಹುಡುಗಿಯು ಎರಡನೆಯ ಸಲ ಎಡವದೆ ಓದಿದಳು.

ವಿಜಯಪುರ ಜಿಲ್ಲೆಯವರಿಗೆ ಈ ಗ್ರಂಥದ ದ್ರಾಕ್ಷಿಯ ಮಾತುಗಳನ್ನು ಪರದೇಶದ ಪಂಡಿತರು ಬಂದು ಬಿಡಿಸಿ ಹೇಳಬೇಕಾಗಿಲ್ಲ. ಯೋಹಾನನ ಹದಿನೈದನೆಯ ಅಧ್ಯಾಯದಲ್ಲಿ ಯೇಸುವು ತನ್ನನ್ನು ದ್ರಾಕ್ಷಿಯ ಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸುತ್ತಾನೆ. ಫಲ ಕೊಡುವ ಕೊಂಬೆಯನ್ನೂ ತೋಟಗಾರನು ಸವರುತ್ತಾನೆ ಎನ್ನುತ್ತಾನೆ. ಶಿಷ್ಯತ್ವದ ಪುಸ್ತಕಗಳಿಗೆಲ್ಲ ಇದೇ ಮೂಲ. ತಂಪು ದೇಶಗಳಲ್ಲಿ ಬಳ್ಳಿಯನ್ನು ಕತ್ತರಿಸುವದು ವರುಷಕ್ಕೊಮ್ಮೆ, ಚಳಿಗಾಲದಲ್ಲಿ. ನಮ್ಮಲ್ಲಿ ಏಪ್ರಿಲ ಸುಮಾರಿಗೆ ಒಮ್ಮೆ ಕಡ್ಡಿ ಬೆಳೆಯಲೆಂದು, ಅಕ್ಟೋಬರ ಸುಮಾರಿಗೆ ಇನ್ನೊಮ್ಮೆ ಹಣ್ಣು ಬಿಡಲೆಂದು, ಹೀಗೆ ಎರಡು ಸಲ ಕತ್ತರಿಸುತ್ತಾರೆ. ಹಸಿರಾಗಿ ಸೊಂಪಾಗಿದ್ದ ಬಳ್ಳಿಯನ್ನು ಕತ್ತರಿಸುವ ದಿನ ತೋಟವು ಹಾಳುಬಿದ್ದಂತೆ ಕಾಣುವದು. ಆ ಪುಸ್ತಕಗಳ ಪೈಕಿ ಒಂದು ಇದೇ ಅಧ್ಯಾಯವನ್ನು ವಿವರಿಸುವಾಗ, ದ್ರಾಕ್ಷಿಯ ತೋಟವನ್ನು ಕಾಣದವರು ಚಿತ್ರದಲ್ಲಿ ನೋಡಿಕೊಳ್ಳಬೇಕೆಂದು ಸೂಚಿಸಿದೆ. ಇಂಡಿ, ತಿಕೋಟ ಭಾಗಗಳ ಓದುಗನು ಇದಕ್ಕೆ ನಗದೆ ಮತ್ತೇನು ಮಾಡಿಯಾನು?

ಇಂಗ್ಲಿಷ್ ಪುಸ್ತಕಗಳನ್ನು ತರಿಸುವ ವಿಚಾರವನ್ನು ನನ್ನ ವಿದ್ಯಾರ್ಥಿಯು ಸದ್ಯಕ್ಕೆ ಕೈಬಿಟ್ಟನು. ನಾನು ಅವನಿಗೆ ಕೊಟ್ಟದ್ದು ಒಂದು ಲೆಕ್ಕ ಮಾತ್ರ. ಹೊಸ ಒಡಂಬಡಿಕೆಯಲ್ಲಿರುವ ಅಧ್ಯಾಯಗಳು 260. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯದಂತೆ ಓದಿದರೆ 52 ವಾರಗಳಿಗೆ ಸರಿಯಾಗಿ ಮುಗಿಯುವದು. ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕು ಸುವಾರ್ತೆಗಳು ಮಾತ್ರ ಸಾಕೆಂದರೆ 89 ಅಧ್ಯಾಯಗಳು. ಎಡವುವ ಹುಡುಗಿಗೆ ದಿನಕ್ಕೆ ಅರ್ಧ ಅಧ್ಯಾಯವೇ ಸಾಕು. ಕಠಿಣ ಶಬ್ದಗಳಿಗೆ ನಾನು ಚೀಟಿಗಳನ್ನು ಬರೆದುಕೊಟ್ಟೆನು. ಕ್ರಿಸ್ತನೆಂದರೆ ಅಭಿಷಿಕ್ತನು, ಅಂದರೆ ತಲೆಯ ಮೇಲೆ ಎಣ್ಣೆಯನ್ನೆರೆದು ಪಟ್ಟಕ್ಕೆ ಪ್ರತಿಷ್ಠಿಸಲ್ಪಟ್ಟವನು, ವಿಮೋಚನೆಯೆಂದರೆ ಬಿಡುಗಡೆ, ಸುವಾರ್ತೆಯಲ್ಲಿ ‘ಸು’ ಎಂದರೆ ಒಳ್ಳೆಯದು, ವಾರ್ತೆಯೆಂದರೆ ಸುದ್ದಿ. ಕಥೋಲಿಕರ ಅನುವಾದದಲ್ಲಿ ಇದಕ್ಕೆ ಶುಭಸಂದೇಶವೆಂದಿರುವದನ್ನೂ ಬದಿಗೆ ಬರೆದೆನು. ಎರಡೂ ಸೊಗಸಾದ ಶಬ್ದಗಳೇ. ಮೊಬೈಲಿನಲ್ಲಿ ಈಗ ಕನ್ನಡ ಬೈಬಲನ್ನು ಓದಿಸಿ ಕೇಳುವ ಅನುಕೂಲವಿದೆಯಲ್ಲ ಎಂದು ಮಗನು ಒಮ್ಮೆ ಅಂದನು. ಇದೆ, ಕಣ್ಣಿಲ್ಲದವರಿಗೆ ಅದೊಂದು ದೊಡ್ಡ ಉಪಕಾರ. ಆದರೆ ಅಜ್ಜಿಯು ತಕರಾರು ಮಾಡಿದರೆ ಅದು ನಿಂತು ಕೇಳುವದಿಲ್ಲ.

ಪುಸ್ತಕಗಳನ್ನು ಪ್ರಕಟಿಸುವ ಸಂಸ್ಥೆಗಳವರು ಈ ಪತ್ರಿಕೆಯನ್ನು ಓದುವರೋ ಇಲ್ಲವೋ. ಓದಿದರೆ ಅವರಲ್ಲಿ ನನ್ನದೂ ಒಂದು ವಿನಂತಿ. ಇಂಗ್ಲಿಷಿನಿಂದ ಅನುವಾದಿಸುವದಾದರೆ ಮುದ್ರಿಸುವ ಪೂರ್ವದಲ್ಲಿ ಕರಡನ್ನು ಒಂದು ಹಳ್ಳಿಯ ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ, ಎಲ್ಲಿ ಕೇಳುವವರು “ಆಂ?” ಎನ್ನುತ್ತಾರೋ ಅಲ್ಲಿ ಗೆರೆ ಎಳೆಯಿರಿ. ಹಿಂದಿನ ಪಾದ್ರಿಗಳು ಮುನ್ಶಿಗಳನ್ನು ಕೂಡ್ರಿಸಿಕೊಂಡು ಮಾಡಿದ್ದು ಇದನ್ನೇ. ಬಿಟ್ಟ ಸ್ಥಳಗಳನ್ನು ಕಡಿಮೆ ಮಾಡಿ, ಪ್ರತಿಯೊಂದು ಪಾಠಕ್ಕೆ ಮನೆಮಂದಿ ವಾದಿಸತಕ್ಕ ಒಂದೇ ಒಂದು ಪ್ರಶ್ನೆಯನ್ನು ಹಾಕಿರಿ, ಉತ್ತರವನ್ನು ಹಾಕಬೇಡಿರಿ. ಉಪಮೆಗಳನ್ನು ಕೃಷ್ಣೆಯ ದಂಡೆಯಿಂದಲೂ ಜೋಳದ ಹೊಲದಿಂದಲೂ ನೇಕಾರರ ಮಗ್ಗದಿಂದಲೂ ತೆಗೆದುಕೊಳ್ಳಿರಿ. ಅಕ್ಷರಗಳು ಕಂದೀಲಿನ ಕಾಲದ ಪುಸ್ತಕಗಳಲ್ಲಿದ್ದಷ್ಟು ದೊಡ್ಡವಾಗಿರಲಿ. ಮುದುಕರು ಕೊಳ್ಳುವ ಪುಸ್ತಕಕ್ಕೆ ಬಣ್ಣದ ಹೊದಿಕೆಗಿಂತ ಅದು ಅಗತ್ಯ. ಮತ್ತು ಹಾಳೆಯ ಅಂಚನ್ನು ಅಗಲವಾಗಿ ಬಿಡಿರಿ. ಆ ಮನೆಯ ಹಳೆಯ ಸತ್ಯವೇದದ ಮೊದಲ ಹಾಳೆಯಲ್ಲಿ ನಾಲ್ಕು ತಲೆಮಾರಿನ ಹುಟ್ಟು, ಮದುವೆ, ಮರಣಗಳನ್ನು ಬರೆದಿದ್ದಾರೆ. ಕೀರ್ತನೆಗಳ ಅಂಚಿನಲ್ಲಿ ಅಲ್ಲಲ್ಲಿ ತಾರೀಖುಗಳಿವೆ, ಯಾವ ದುಃಖದ ದಿನ ಯಾವುದನ್ನು ಓದಿದರೆಂಬುದಕ್ಕೆ. ಹೊಸ ಪುಸ್ತಕಗಳಲ್ಲಿ ಅಷ್ಟು ಬರೆದುಕೊಳ್ಳುವದಕ್ಕೆ ಜಾಗವಿಲ್ಲ.